ಒರತೆಗೆ ನಾವಿಟ್ಟ ಕಾವಲು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದ ಮೇಲೆ ನಾನು ಮಾಡಿದ ಮೊದಲ ದೊಡ್ಡ ಕೆಲಸವೆಂದರೆ ಊರಿಗೆ ಒಬ್ಬ ನಾಗನನ್ನು ತಯಾರಿಸಿ ಕೊಟ್ಟದ್ದು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ನಾಚಿಕೆಯಿಂದಲೂ ಅಲ್ಲ. ಸಿಟ್ಟಿನಿಂದ ಹೇಳುತ್ತಿದ್ದೇನೆ. ಎಷ್ಟು ಸಲ ಒಪ್ಪಿಕೊಂಡರೂ ನಮ್ಮ ಊರಿನಲ್ಲಿ ಒಬ್ಬರೂ ನನ್ನ ಮಾತನ್ನು ನಂಬುತ್ತಿಲ್ಲ.

ನಾನಿರುವುದು ದೊಡ್ಡಮ್ಮನ ಜೊತೆ. ಅವರು ನನ್ನ ತಾಯಿಯ ಅಕ್ಕ. ಎಂಬತ್ತು ದಾಟಿದೆ, ಕಿವಿ ಚುರುಕು, ನಾಲಗೆ ಅದಕ್ಕಿಂತ ಚುರುಕು. ನಮ್ಮ ಮನೆಯ ಹಿಂದೆ ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪುಕಲ್ಲಿನ ಗುಡ್ಡೆ, ಗುಡ್ಡೆಯ ಬುಡದಲ್ಲಿ ಒಂದು ಒರತೆ. ಏಪ್ರಿಲ್ ಮೇ ತಿಂಗಳಲ್ಲಿ ಊರಿನ ಬಾವಿಗಳೆಲ್ಲ ತಳ ತೋರಿಸುವಾಗಲೂ ಕಲ್ಲಿನ ಬಿರುಕಿನಿಂದ ತೋಳು ಗಾತ್ರದ ನೀರು ಬರುತ್ತಲೇ ಇರುತ್ತದೆ. ಆ ನೀರು ಮೊದಲು ಸಣ್ಣ ಕೊಳಕ್ಕೆ, ಕೊಳದಿಂದ ಪೈಪಿನಲ್ಲಿ ಟಾಂಕಿಗೆ, ಟಾಂಕಿಯಿಂದ ಹೈವೇ ಬದಿಯ ಪೇಟೆಗೆ. ಎಲ್ಲ ಇಳಿಜಾರು, ಹಾಗಾಗಿ ಮೋಟರು ಬೇಡ, ಕರೆಂಟು ಬೇಡ. ಪೇಟೆಯ ಅಷ್ಟೂ ಮನೆಗಳು, ಹೋಟೆಲುಗಳು, ಎರಡು ಶಾಲೆಗಳು ಕುಡಿಯುವುದು ಇದೇ ನೀರನ್ನು.

ಜಾಗ ದೊಡ್ಡಮ್ಮನದ್ದು. ಅವರ ತಾಯಿ ಕೊನೆಯ ಗಳಿಗೆಯಲ್ಲಿ ಹತ್ತಿರ ಕರೆದು ಹೇಳಿದ್ದು ಒಂದೇ ಮಾತಂತೆ: "ನೀರನ್ನು ನೋಡಿಕೊ." ಮಕ್ಕಳನ್ನು ನೋಡಿಕೊ ಎಂದಲ್ಲ, ದನಗಳನ್ನು ನೋಡಿಕೊ ಎಂದೂ ಅಲ್ಲ. ಅಂದಿನಿಂದ ಪ್ರತಿವರ್ಷ ಮಳೆ ಬಿಟ್ಟ ಮೇಲೆ ದೊಡ್ಡಮ್ಮ ತೆಂಗಿನ ಸಿಪ್ಪೆ ಹಿಡಿದು, ಮೊಣಕಾಲೂರಿ, ಒರತೆಯ ಬಾಯಿಯ ಪಾಚಿಯನ್ನು ತಾವೇ ತಿಕ್ಕುತ್ತಾರೆ. ಬೇರೆ ಯಾರಿಗೂ ಬಿಡುವುದಿಲ್ಲ. ಪೇಟೆಯವರು ಬಂದು ನೀರು ಕೇಳಿದಾಗ ಒಂದು ಮಾತು ಎದುರಾಡದೆ ಕೊಟ್ಟವರು ಅವರು. ಮೂಲವನ್ನು ಹೊಲಸು ಮಾಡಬಾರದು ಎಂಬುದಷ್ಟೇ ಅವರ ಷರತ್ತು.

ಪೇಟೆಯವರು ತಲೆಯಾಡಿಸಿ ನೀರು ತೆಗೆದುಕೊಂಡು ಹೋದರು. ಆಮೇಲೆ ಭಾನುವಾರಗಳಲ್ಲಿ ವಾಹನ ತೊಳೆಯಲು ಬರತೊಡಗಿದರು.

ಒರತೆಯ ರಕ್ಷಣೆಗೆಂದು ಒಂದು ಸಮಿತಿ ಮಾಡಿ ನನ್ನನ್ನು ಕಾರ್ಯದರ್ಶಿಯಾಗಿಸಿದ್ದರು. ಅಧ್ಯಕ್ಷ ನನ್ನದೇ ಹಳೆ ವಿದ್ಯಾರ್ಥಿ, ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿಯವನು. ಅವನಿಗೆ ಸಮಿತಿಗಳೆಂದರೆ ಪ್ರಾಣ. ಎಲ್ಲೇ ನಾಲ್ಕು ಕುರ್ಚಿ ಹಾಕಿದರೂ ನಡುವಿನದ್ದರಲ್ಲಿ ಅವನೇ ಇರುತ್ತಾನೆ. ನಮ್ಮದು ಕೇರಳಕ್ಕೆ ಸೇರಿದ ಕನ್ನಡದ ಊರು, ಹಾಗಾಗಿ ನಾನು ಕನ್ನಡದಲ್ಲೂ ಮಲಯಾಳದಲ್ಲೂ ಫಲಕ ಬರೆಸಿ ನಿಲ್ಲಿಸಿದೆ: ಇಲ್ಲಿ ವಾಹನ ತೊಳೆಯಬಾರದು. ವಾಹನ ತೊಳೆಯುವವರು ಅಂಗಿ ಒದ್ದೆಯಾಗದಂತೆ ಬಿಚ್ಚಿ ಅದೇ ಫಲಕಕ್ಕೆ ನೇತುಹಾಕಿದರು. ಮುಳ್ಳಿನ ಬೇಲಿ ಹಾಕಿಸಿದೆ. ಬೇಲಿ ಸರಿಸಿ ಒಳಗೆ ಬಂದು ತೊಳೆದು, ಹೋಗುವಾಗ ಮೊದಲಿನಂತೆಯೇ ಮುಚ್ಚಿಟ್ಟು ಹೋದರು. ನಮ್ಮ ಊರಿನವರು ಮರ್ಯಾದಸ್ಥರು.

ಒಂದು ದಿನ ಪಿಕಪ್ ತೊಳೆಯುತ್ತಿದ್ದವನೊಬ್ಬನನ್ನು ಹಿಡಿದು ನಿಲ್ಲಿಸಿದೆ. "ನೀನು ಕುಡಿಯುವ ನೀರಲ್ವಾ ಮಾರಾಯ ಇದು?"

"ಇಲ್ಲ ಟೀಚರ್," ಎಂದ ಅವನು ಸಮಾಧಾನದಿಂದ. "ನಮಗೆ ಪೈಪಿನ ನೀರು ಬರ್ತದೆ. ಇದನ್ನು ಎಂತಕ್ಕೆ ಕುಡಿಯುವುದು?"

ಅವನೂ ನನ್ನ ವಿದ್ಯಾರ್ಥಿಯೇ. ಜಲಚಕ್ರದ ಚಿತ್ರಕ್ಕೆ ಅವನಿಗೆ ಪೂರ್ಣ ಅಂಕ ಕೊಟ್ಟ ನೆನಪು ನನಗಿದೆ.

ಆಯುಧಪೂಜೆಯ ಹಿಂದಿನ ದಿನ ಎಲ್ಲವೂ ಮಿತಿಮೀರಿತು. ಬೆಳಗಿನಿಂದಲೇ ಆಟೋ, ಬೈಕು, ಪಿಕಪ್‌ಗಳ ಸಾಲು. ಹನ್ನೊಂದು ಗಂಟೆಗೆ ಒಂದು ಜೆಸಿಬಿ ಬಂತು. ಆನೆಯನ್ನು ಮೀಯಿಸುವ ಹಾಗೆ ನಾಲ್ಕು ಜನ ಸೇರಿ ಅದನ್ನು ತಿಕ್ಕಿದರು. ಕೊಳದ ತುಂಬ ನೊರೆ, ನೊರೆಯ ಮೇಲೆ ಎಣ್ಣೆಯ ಬಣ್ಣ. ನಾನು ಬೊಬ್ಬೆ ಹೊಡೆದು ಗಂಟಲು ಕೂರಿಸಿಕೊಂಡು ಮನೆಗೆ ಬಂದೆ. ದೊಡ್ಡಮ್ಮ ಜಗಲಿಯಲ್ಲಿ ಕೂತು ಎಲ್ಲ ನೋಡಿದ್ದರು. ಆಮೇಲೆ ತುಳುವಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ:

"ನಿನ್ನ ಬೋರ್ಡಿಗೆ ಯಾರೂ ಹೆದರುವುದಿಲ್ಲ ಮಗಾ. ಅರಶಿನದ ಡಬ್ಬ ಎಲ್ಲುಂಟು?"

ಮರುದಿನವಲ್ಲ, ಅದರ ಮರುದಿನ, ಮಧ್ಯಾಹ್ನ ಎರಡೂವರೆಗೆ ನಾವಿಬ್ಬರು ಹೊರಟೆವು. ಊರು ಊಟ ಮಾಡಿ ಮಲಗುವ ಹೊತ್ತು ಅದು. ಕಾಗೆ ಕೂಡ ಕೂಗುವುದಿಲ್ಲ. ನನ್ನ ಕೈಯಲ್ಲಿ ಅಡುಗೆಮನೆಯ ಅರಶಿನ, ಒಂದು ಎಸಳು ಹಿಂಗಾರ, ಅಡಿಕೆಮರದ ಹೂವು. ಯಾವ ಕಲ್ಲಾದರೂ ಆದೀತೆಂದು ನಾನು ಅತ್ತಿತ್ತ ನೋಡುತ್ತಿದ್ದರೆ ದೊಡ್ಡಮ್ಮ ನೆಟ್ಟಗೆ ಕೇಪಳದ ಪೊದೆಯ ಹಿಂದೆ ಹೋಗಿ ಕೋಲಿನಿಂದ ತರಗೆಲೆ ಸರಿಸಿ "ಇದು" ಎಂದರು. ಮೊಣಕಾಲೆತ್ತರದ, ಒಂದು ಬದಿ ಸವೆದ ಕಲ್ಲು. ಅವರಿಗೆ ಹೇಗೆ ಗೊತ್ತಿತ್ತು ಎಂದು ಕೇಳುವ ಬುದ್ಧಿ ನನಗೆ ಆಗ ಹೊಳೆಯಲಿಲ್ಲ. ಬೆವರು ಸುರಿಸುತ್ತ ಉರುಳಿಸಿ ತಂದು ಕೊಳದ ಮೇಲಂಚಿನಲ್ಲಿ ನಿಲ್ಲಿಸಿದೆ. ದೊಡ್ಡಮ್ಮ ಅರಶಿನ ಹಚ್ಚಿ, ಹಿಂಗಾರ ಇಟ್ಟರು. ಇಷ್ಟೇ ನಡೆದದ್ದು. ನಾವು ಯಾರಿಗೂ ಒಂದು ಸುಳ್ಳು ಹೇಳಲಿಲ್ಲ.

ಹೇಳುವ ಅಗತ್ಯವೂ ಬೀಳಲಿಲ್ಲ. ಮುಂದಿನ ಭಾನುವಾರ ಮೊದಲು ಬಂದ ಆಟೋದವನು ಬಕೆಟು ಹಿಡಿದು ಇಳಿದವನು ಅರಶಿನ ಮೆತ್ತಿದ ಕಲ್ಲನ್ನು ಕಂಡು ನಾಗನೆಂದು ತಿಳಿದು ಹಾಗೆಯೇ ಹಿಂದೆ ಹಿಂದೆ ನಡೆದು ಆಟೋ ಹತ್ತಿದ. ನಾಗನ ವಿಷಯದಲ್ಲಿ ನಮ್ಮಲ್ಲಿ ಜಾತಿಮತ ಇಲ್ಲ, ಎಲ್ಲರೂ ಸಮಾನವಾಗಿ ಹೆದರುತ್ತಾರೆ. ಒಂದು ವಾರದಲ್ಲಿ ಕೊಳ ತಿಳಿಯಾಯಿತು. ತಳದ ಮರಳು ಕಾಣಿಸಿತು, ಸಣ್ಣ ಮೀನುಗಳು ಬಂದವು. ಕೊಳಕ್ಕಿಂತ ಕೆಳಗೆ ದಾರಿಯಲ್ಲಿರುವ ಹೊನ್ನೆಮರದಿಂದ ಈಚೆಗೆ ಚಪ್ಪಲಿ ಹಾಕಬಾರದು ಎಂಬ ಒಂದು ನಿಯಮವೂ ತಾನಾಗಿಯೇ ಹುಟ್ಟಿತು. ಅದನ್ನು ಮುರಿಯುತ್ತಿದ್ದವಳು ನಾನೊಬ್ಬಳೇ, ಹಿಮ್ಮಡಿ ನೋವಿಗೆ ಡಾಕ್ಟರು ಕೊಟ್ಟ ಮೆತ್ತನೆಯ ಚಪ್ಪಲಿ ಬಿಟ್ಟು ನನಗೆ ನಡೆಯಲಾಗುವುದಿಲ್ಲ. ನಾಲ್ಕು ವರ್ಷದ ಫಲಕ, ಬೇಲಿ, ಬೊಬ್ಬೆಗಳಿಂದ ಆಗದ್ದು ಎರಡು ಚಮಚ ಅರಶಿನದಿಂದ ಆಯಿತಲ್ಲ ಎಂದು ವಿಜ್ಞಾನದ ಟೀಚರಾಗಿ ಬೇಸರವಾದರೂ ಕಾರ್ಯದರ್ಶಿಯಾಗಿ ಬಹಳ ಖುಷಿಪಟ್ಟೆ.

ಖುಷಿ ಒಂದು ತಿಂಗಳೂ ಬಾಳಲಿಲ್ಲ. ಮೊಗ್ರಾಲಿನ ಕಡೆಯ ಒಬ್ಬ ಹೆಂಗಸು, ಮಗನ ಗಲ್ಫ್ ವೀಸಾ ಮೂರು ಸಲ ತಿರಸ್ಕೃತವಾದದ್ದಕ್ಕೆ, ದಾರಿಯಲ್ಲಿ ಹೋಗುವಾಗ ಇಲ್ಲಿ ಕೈಮುಗಿದು ಹೋದರಂತೆ. ವೀಸಾ ಬಂತು. ಅವರು ಒಂದು ಕ್ಯಾನು ಹಾಲು ತಂದು ಕಲ್ಲಿಗೆ ಎರೆದರು. ನಾಗನಿಗೆ ಹಾಲು, ಬೊಂಡದ ಎಳನೀರು ಎರೆಯುವುದಕ್ಕೆ ನಮ್ಮಲ್ಲಿ ತನು ಎನ್ನುತ್ತಾರೆ. ಕಲ್ಲು ಇರುವುದು ಕೊಳದ ಮೇಲಂಚಿನಲ್ಲಿ. ಎರೆದದ್ದೆಲ್ಲ ಎಲ್ಲಿಗೆ ಹೋಯಿತೆಂದು ಎಂಟನೇ ಕ್ಲಾಸಿನ ಮಕ್ಕಳೂ ಹೇಳಬಲ್ಲರು.

ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತು. ಎಣ್ಮಕಜೆಯಿಂದ ಜೀಪು ಮಾಡಿಕೊಂಡು ಬಂದರು, ಹೊಸಂಗಡಿಯಿಂದ ಬಸ್ಸು ಹಿಡಿದು ಬಂದರು. ಎಲ್ಲರ ಕೈಯಲ್ಲೂ ಹಾಲು, ಎಲ್ಲರ ಕೈಯಲ್ಲೂ ಅರಶಿನ. ಟಾಂಕಿಯ ವಾಲ್ವು ತಿರುಗಿಸುವವನು ನನಗೆ ದಿನಾ ಫೋನು ಮಾಡಿ ವರದಿ ಒಪ್ಪಿಸುತ್ತಿದ್ದ. "ಟೀಚರ್, ಇವತ್ತು ನೀರು ಸ್ವಲ್ಪ ಮಜ್ಜಿಗೆಯ ಹಾಗೆ ಉಂಟು." "ಟೀಚರ್, ಟಾಂಕಿಯ ಸುತ್ತ ಇರುವೆ ಅಂದ್ರೆ ಇರುವೆ."

ನಾನು ಭಕ್ತರ ಬಳಿ ಹೋಗಿ, ದಯವಿಟ್ಟು ಹಾಲು ಎರೆಯಬೇಡಿ ಎಂದೆ. "ನೀವು ಚಪ್ಪಲಿ ತೆಗೀರಿ ಮೊದಲು," ಎಂದರು ಒಬ್ಬರು.

ಆಮೇಲೆ ನಾಗನಿಗೆ ವಿಶೇಷ ದಿನವಾದ ಷಷ್ಠಿ ಬಂತು. ಅವತ್ತು ಎಷ್ಟು ಅರಶಿನ ಬಿತ್ತೋ ದೇವರಿಗೇ ಗೊತ್ತು, ಕೊಳ ಸಾಂಬಾರಿನ ಬಣ್ಣಕ್ಕೆ ತಿರುಗಿತ್ತು. ವಾಲ್ವಿನವನು ಹೆದರಿ ನೀರು ನಿಲ್ಲಿಸಬೇಕಿತ್ತು. ಅವನು ಭಕ್ತಿಯಿಂದ ಬಿಟ್ಟುಬಿಟ್ಟ. ಮರುದಿನ ಬೆಳಗ್ಗೆ ಪೇಟೆಯ ಮನೆಮನೆಗಳಲ್ಲಿ ನೆನೆಸಿಟ್ಟ ಬಿಳಿ ಪಂಚೆಗಳಿಗೆ, ಅಂದರೆ ನಮ್ಮ ಮುಂಡುಗಳಿಗೆ, ಸಾಬೂನು ಹಚ್ಚಿದ್ದೇ ತಡ, ಅವು ಕೆಂಪಾದವು. ಬೇರೆ ಊರಾದರೆ ಇದು ಬಟ್ಟೆಯ ವಿಷಯ. ಕೇರಳದಲ್ಲಿ ಬಿಳಿ ಮುಂಡು ಇದ್ದಕ್ಕಿದ್ದಂತೆ ಕೆಂಪಾದರೆ ಅದು ರಾಜಕೀಯ. ಒಂದು ಪಕ್ಷದವರು ಇನ್ನೊಂದು ಪಕ್ಷದವರ ಕಡೆ ನೋಡಿದರು. ನೋಡಿದರೆ ಎರಡೂ ಪಕ್ಷದವರ ಮುಂಡು ಕೆಂಪಾಗಿದೆ! ಆಗ ಎಲ್ಲರೂ ಒಟ್ಟಾಗಿ ನಮ್ಮ ಮನೆಗೆ ಬಂದರು.

"ನಾಗ ಮುನಿದಿದ್ದಾನೆ ಟೀಚರ್," ಎಂದ ಅಧ್ಯಕ್ಷ. "ನೀರು ರಕ್ತ ಆಗಿದೆ."

"ಅರಶಿನ ಮಾರಾಯ!" ನಾನು ಕೂಗಿದೆ. "ಅರಶಿನಕ್ಕೆ ಸಾಬೂನು ತಾಗಿದರೆ ಕೆಂಪಾಗ್ತದೆ. ಎಂಟನೇ ಕ್ಲಾಸಿನಲ್ಲಿ ಅರಶಿನದ ಕಾಗದ ಮಾಡಿಸಿದ್ದೆ. ನೀನೇ ಎರಡನೇ ಬೆಂಚಿನಲ್ಲಿ ಕೂತು ಮಾಡಿದ್ದಲ್ವಾ?"

"ಅದು ಪರೀಕ್ಷೆಗೆ ಟೀಚರ್," ಎಂದ ಅವನು. "ಇದು ನಿಜಕ್ಕೆ ಆದದ್ದು."

ಅವತ್ತೇ ನಮ್ಮ ಜಗಲಿಯಲ್ಲೇ, ನಾವು ಕೊಟ್ಟ ಚಹಾವನ್ನೇ ಕುಡಿದು, ಜೀರ್ಣೋದ್ಧಾರ ಸಮಿತಿ ರಚನೆಯಾಯಿತು. ಎರಡು ತಿಂಗಳ ಹಿಂದೆ ನಾನೇ ಉರುಳಿಸಿ ತಂದ ಕಲ್ಲಿಗೆ ಜೀರ್ಣೋದ್ಧಾರ! ನನ್ನನ್ನು ಗೌರವ ಸಲಹೆಗಾರ್ತಿ ಮಾಡಿ, ಹೈವೇ ಬದಿಯ ಫ್ಲೆಕ್ಸಿನಲ್ಲಿ ನನ್ನ ಫೋಟೋ ಹಾಕಿದರು. ಕೈಮುಗಿದ ಫೋಟೋ ಸಿಗದೆ, ನಿವೃತ್ತಿಯ ದಿನ ಶಾಲು ಹೊದೆಸಿಕೊಂಡದ್ದನ್ನೇ ಹಾಕಿದ್ದರು. ಕಲ್ಲಿಗೆ ಒಂದು ಕಟ್ಟೆ, ಸುತ್ತ ನೆಲಕ್ಕೆ ಇಂಟರ್‌ಲಾಕ್ ಹಾಸು, ಕಾರು ನಿಲ್ಲಿಸಲು ಜಾಗ. ಇಷ್ಟಾದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಕೊನೆಯಲ್ಲಿ ಅಧ್ಯಕ್ಷ ಬಹಳ ಉತ್ಸಾಹದಿಂದ ಹೇಳಿದ:

"ಭಕ್ತರಿಗೆ ಕಾಲು ತೊಳೆಯಲಿಕ್ಕೆ ನೀರು ಬೇಕಲ್ವಾ? ಮೇಲಿನ ತಟ್ಟಿನಲ್ಲಿ ಒಂದು ಬೋರ್‌ವೆಲ್ ಹಾಕುವಾಂತ. ನೀರು ನೋಡುವವರು ಬಂದು ನೋಡಿ ಆಯ್ತು. ಭರ್ಜರಿ ನೀರುಂಟಂತೆ!"

ಭರ್ಜರಿ ನೀರು ಇರದೆ ಇನ್ನೇನು? ಅವರು ಗುರುತು ಹಾಕಿದ ಜಾಗ ಒರತೆಯ ಬಾಯಿಂದ ಇಪ್ಪತ್ತು ಹೆಜ್ಜೆ ಮೇಲೆ, ಗುಡ್ಡೆಯ ಮೆಟ್ಟಿಲಿನಂಥ ಸಮತಲದಲ್ಲಿ. ಒರತೆಗೆ ಬರುವ ನೀರು ಮುರಕಲ್ಲಿನ ಒಳಗೆ ಹಾದುಬರುವುದೇ ಆ ತಟ್ಟಿನ ಅಡಿಯಿಂದ. ಅಲ್ಲಿ ತೂತು ಕೊರೆದರೆ ನೀರು ಕೆಳಗೆ ಇಳಿದುಹೋಗಿ ಒರತೆ ಬತ್ತುತ್ತದೆ. ಆಮೇಲೆ ಪೇಟೆಗೆ ಕುಡಿಯಲು ನೀರಿಲ್ಲ, ಕಾಲು ತೊಳೆಯಲು ಬೇಕಾದಷ್ಟು ಇರುತ್ತದೆ. ಇದನ್ನು ಚಿತ್ರ ಬರೆದು ತೋರಿಸಿದೆ. ಚಿತ್ರ ಚೆನ್ನಾಗಿದೆ ಎಂದರು.

ದೊಡ್ಡಮ್ಮ ಅವತ್ತು ಊಟ ಮಾಡಲಿಲ್ಲ. ಅವರ ಜಾಗವಲ್ಲವೇ, ಬೇಡ ಎಂದರೆ ಮುಗಿಯಿತಲ್ಲ ಎಂದು ಯಾರಿಗಾದರೂ ಅನಿಸಬಹುದು. ಆದರೆ ತಟ್ಟು ಇರುವುದು ನಮ್ಮ ಗಡಿಯಿಂದ ಆಚೆ, ಅದರ ಯಜಮಾನರು ಅದನ್ನು ಸಮಿತಿಗೆ ಕೊಟ್ಟಾಗಿತ್ತು. ನಾನು ಪಂಚಾಯತಿಗೆ ಹೋಗಿ ಅರ್ಜಿ ಕೊಟ್ಟೆ. ಅರ್ಜಿ ಸ್ವೀಕರಿಸಿದವರು, "ಟೀಚರ್, ಫ್ಲೆಕ್ಸಿನಲ್ಲಿ ನಿಮ್ಮದೇ ಫೋಟೋ ಉಂಟಲ್ಲ?" ಎಂದು ಮುಖ ನೋಡಿದರು. ಮನೆಗೆ ಬಂದರೆ ದೊಡ್ಡಮ್ಮ ಜಗಲಿಯ ಕಂಬಕ್ಕೆ ಒರಗಿ ರಸ್ತೆಯನ್ನೇ ನೋಡುತ್ತಿದ್ದರು. ದಿನಕ್ಕೆ ಹತ್ತು ಸಲ ಒಂದೇ ಪ್ರಶ್ನೆ: "ಲಾರಿ ಬಂತಾ?" ಅಷ್ಟು ಮಾತಿನ ಹೆಂಗಸು ಒಂದೇ ಪ್ರಶ್ನೆಗೆ ಇಳಿದಿದ್ದರು. ಎಲ್ಲ ನನ್ನಿಂದಲೇ ಆದದ್ದು ಎಂದು ಒಳಗೆ ಹೋಗಿ ಅತ್ತೆ.

ಕೊರೆಯುವ ಮೊದಲು ಪ್ರಶ್ನೆ ಇಡಬೇಕೆಂದು ಸಮಿತಿ ತೀರ್ಮಾನಿಸಿತ್ತು. ಜೋಯಿಸರು ಬಂದು, ಕವಡೆ ಹಾಕಿ, ನಾಗನಿಗೆ ಏನು ಬೇಕೆಂದು ನೋಡಿ ಹೇಳುವುದು. ಆ ದಿನ ಬೆಳಗ್ಗೆಯೇ ತಮಿಳುನಾಡಿನ ಬೋರ್‌ವೆಲ್ ಲಾರಿ ಬಂದು ರಸ್ತೆಬದಿಯಲ್ಲಿ ನಿಂತಿತು. ಪ್ರಶ್ನೆ ಮುಗಿದ ಕೂಡಲೇ ಕೆಲಸ ಶುರು ಮಾಡುವ ಅಂದಾಜು. ಶಾಮಿಯಾನದ ಅಡಿಯಲ್ಲಿ ನೂರಾರು ಜನ. ಮುಂದಿನ ಸಾಲಿನಲ್ಲಿ ಕೂತಿದ್ದ ನನಗೆ ಒಂದು ಲೆಕ್ಕದಲ್ಲಿ ಧೈರ್ಯವಿತ್ತು. ಜೋಯಿಸರು ನಿಜವಾಗಿ ಬಲ್ಲವರಾದರೆ ಕಳ್ಳಿ ಇಲ್ಲೇ ಕೂತಿದ್ದಾಳೆ ಎಂದು ಹೇಳಿಬಿಡಬೇಕು. ಅಲ್ಲಿಗೆ ಎಲ್ಲ ಮುಗಿಯುತ್ತದೆ.

ಜೋಯಿಸರು ವಯಸ್ಸಾದವರು, ಶಾಂತ ಮುಖ. ಕವಡೆಗಳನ್ನು ಅತ್ತಿತ್ತ ಸರಿಸಿ, ಕಣ್ಣುಮುಚ್ಚಿ, ನಿಧಾನವಾಗಿ ಹೇಳಿದರು: "ಮುನ್ನೂರು ವರ್ಷದ ಸಾನ್ನಿಧ್ಯ ಕಾಣ್ತದೆ."

ನಾನು ಎದ್ದು ನಿಂತೆ. ತಡೆಯಲಾಗಲಿಲ್ಲ. "ಮುನ್ನೂರು ವರ್ಷ ಅಲ್ಲ, ಮೂರು ತಿಂಗಳು! ಆ ಕಲ್ಲು ಇಟ್ಟವಳು ನಾನು. ಅರಶಿನ ನಮ್ಮ ಅಡುಗೆಮನೆಯದ್ದು. ನಿಮ್ಮ ಪಿಕಪ್ಪು, ನಿಮ್ಮ ಜೆಸಿಬಿ ತೊಳೆಯುವುದನ್ನು ನಿಲ್ಲಿಸಲಿಕ್ಕೆ ಇಟ್ಟದ್ದು. ಸುಳ್ಳು ನಾಗ ಅದು. ನನಗೆ ಎಂತ ಬೇಕಾದರೂ ಮಾಡಿ, ಬೋರ್‌ವೆಲ್ ಮಾತ್ರ ಬೇಡ!"

ಕಲ್ಲು ಹೊಡೆಯುತ್ತಾರೋ ಏನೋ ಎಂದು ನಾನು ಕಾದೆ. ಜೋಯಿಸರು ಕಣ್ಣು ತೆರೆಯದೆಯೇ, "ಮಧ್ಯದಲ್ಲಿ ಸ್ವಲ್ಪ ಕಾಲ ಮರೆವು ಕಾಣ್ತದೆ," ಎಂದರು. "ಆಮೇಲೆ ಒಬ್ಬ ಹೆಂಗಸಿನ ಕೈಯಿಂದ ಮೇಲೆ ಬಂದದ್ದು ಕಾಣ್ತದೆ. ಸಿಟ್ಟಿನ ಹೆಂಗಸು."

ಇಡೀ ಸಭೆ "ಓ" ಎಂದಿತು. ಅಧ್ಯಕ್ಷ ಕಣ್ಣೀರು ಒರೆಸಿಕೊಳ್ಳುತ್ತ ಬಂದು ನನ್ನ ಕಾಲು ಮುಟ್ಟಿದ. "ನೀವು ಇಟ್ಟದ್ದಲ್ಲ ಟೀಚರ್. ನಿಮ್ಮಿಂದ ಇಡಿಸಿದ್ದು."

"ನಾನೇ ಇಟ್ಟದ್ದು! ನನ್ನ ಸೊಂಟ ಇನ್ನೂ ನೋಯ್ತದೆ!"

"ನೋಡಿ, ಗುರುತು ಕೂಡ ಉಂಟು," ಎಂದು ಹಿಂದಿನಿಂದ ಯಾರೋ ಹೇಳಿದರು.

ನಾನು ಕೂತೆ. ಆಗ ನನ್ನ ಪಕ್ಕದಲ್ಲಿದ್ದ ದೊಡ್ಡಮ್ಮ ಕೋಲೂರಿ ಎದ್ದರು. ಜೋಯಿಸರಿಗೆ ಕೈಮುಗಿದು, ಏನೂ ತಿಳಿಯದ ಮುದುಕಿಯ ದನಿಯಲ್ಲಿ ಕೇಳಿದರು: "ಜೋಯಿಸರೇ, ಒಂದು ಸಂಶಯ. ನಾಗ ಇರುವುದು ನೆಲದ ಅಡಿಯಲ್ಲಿ ಅಲ್ವಾ? ಅವನ ನೆತ್ತಿಯ ಮೇಲೆ ಮೆಷಿನ್ ಇಳಿಸಬಹುದಾ?"

ಕವಡೆಗಳು ಸರಿದವು. ಜೋಯಿಸರು ಬಹಳ ಹೊತ್ತು ನೋಡಿದರು. ಲಾರಿಯ ಕಡೆಗೊಮ್ಮೆ, ಕೊಳದ ಕಡೆಗೊಮ್ಮೆ, ದೊಡ್ಡಮ್ಮನ ಮುಖದ ಕಡೆಗೊಮ್ಮೆ ನೋಡಿದ ಹಾಗೂ ನನಗೆ ಕಂಡಿತು.

"ಆಗದು," ಎಂದರು.

"ಹಾಲು ನೀರಿಗೆ ಹೋಗ್ತದೆ. ಅದು ಅವನಿಗೆ ಸಮ್ಮತವಾ?"

"ಒಂದು ತೊಟ್ಟು ಸಾಕು. ಅದೂ ಕೆಳಗಿನ ಹೊನ್ನೆಮರದ ಬುಡಕ್ಕೆ."

"ಅರಶಿನ?"

"ಹಣೆಗೆ ಹಚ್ಚಿಕೊಳ್ಳಲಿ."

"ಇಂಟರ್‌ಲಾಕ್?"

ಜೋಯಿಸರು ಇದಕ್ಕೆ ಕವಡೆಯನ್ನೂ ಮುಟ್ಟಲಿಲ್ಲ. "ನಾಗನಿಗೆ ಬೇಕಾದ್ದು ಬನ. ಮರ ಇರಲಿ, ತರಗೆಲೆ ಇರಲಿ, ತಂಪು ಇರಲಿ. ಮೇಲಿನ ತಟ್ಟಿನಲ್ಲೂ ಗಿಡ ನೆಡಬೇಕು ಅಂತ ಕಾಣ್ತದೆ."

ಅರ್ಧ ಗಂಟೆಯೊಳಗೆ ದೊಡ್ಡಮ್ಮ ಒಂದೊಂದೇ ಪ್ರಶ್ನೆ ಕೇಳಿ, ನಾನು ನಾಲ್ಕು ವರ್ಷದಿಂದ ಅರ್ಜಿಗಳಲ್ಲಿ ಬರೆಯುತ್ತ ಬಂದ ಅಷ್ಟೂ ಬೇಡಿಕೆಗಳನ್ನು ಮಂಜೂರು ಮಾಡಿಸಿಕೊಂಡರು. ಅಧ್ಯಕ್ಷ ಒಂದನ್ನೂ ಬಿಡದೆ ಪುಸ್ತಕದಲ್ಲಿ ಬರೆದುಕೊಂಡ. ಬೋರ್‌ವೆಲ್ ಲಾರಿ ತಿರುಗಿಸಲು ಜಾಗ ಸಾಲದೆ ಹೈವೇವರೆಗೂ ಹಿಮ್ಮುಖವಾಗಿಯೇ ಹೋಯಿತು. ದೊಡ್ಡಮ್ಮ ಅದು ಕಣ್ಣಿಗೆ ಮರೆಯಾಗುವವರೆಗೂ ನಿಂತು ನೋಡಿದರು. ಆಮೇಲೆ ಎರಡು ಸಲ ಬಡಿಸಿಕೊಂಡು ಊಟ ಮಾಡಿದರು.

ಹೊರಡುವ ಮೊದಲು ಜೋಯಿಸರು ನಮ್ಮ ಮನೆಗೆ ಬಂದು ಒಂದು ಚೆಂಬು ನೀರು ಕೇಳಿದರು. ಕುಡಿದು, ಚೆಂಬು ಕೆಳಗಿಟ್ಟು ನನ್ನನ್ನು ನೋಡಿ ನಕ್ಕರು. "ಪೇಟೆಯಲ್ಲಿ ನನ್ನ ಮನೆಗೂ ಇದೇ ನೀರು ಬರುವುದು ಟೀಚರ್. ನನ್ನ ಎರಡು ಮುಂಡು ಹಾಳಾಗಿದೆ."

ಈ ವರ್ಷ ಮಳೆ ಬಿಟ್ಟ ಮೇಲೆ ಒರತೆ ತೊಳೆಯಲು ದೊಡ್ಡಮ್ಮ ನನ್ನನ್ನೂ ಕರೆದುಕೊಂಡು ಹೋದರು. ಕಲ್ಲಿನ ಮುಂದೆ ನಿಂತು ಅವರು ಕಣ್ಣುಮುಚ್ಚಿ ಕೈಮುಗಿದದ್ದನ್ನು ಕಂಡು ನನಗೆ ರೇಗಿತು. "ಎಂತ ದೊಡ್ಡಮ್ಮ, ಯಾರೂ ನೋಡುವವರಿಲ್ಲದಾಗಲೂ ಎಂತಕ್ಕೆ? ನಾವೇ ಇಟ್ಟ ಕಲ್ಲಲ್ವಾ?"

"ನಾವು ಇಟ್ಟದ್ದು ಎರಡನೇ ಸಲ," ಎಂದರು ದೊಡ್ಡಮ್ಮ. "ನಾನು ಸಣ್ಣವಳಿರುವಾಗ ಇಲ್ಲಿ ಕೋಣ ಮೀಯಿಸ್ತಿದ್ರು. ಅಮ್ಮ ಇದೇ ಕಲ್ಲಿಗೆ ಅರಶಿನ ಹಚ್ಚಿ ಇಟ್ಟಳು. ಕೋಣ ನಿಂತಿತು. ಮತ್ತೆ ಗದ್ದೆ ಉಳಲಿಕ್ಕೆ ಟಿಲ್ಲರ್ ಬಂತು, ಕೋಣವೇ ಇಲ್ಲ. ಇನ್ನು ಎಂತಕ್ಕೇಂತ ನಾನೇ ಪೊದೆಯ ಹಿಂದೆ ಇಟ್ಟಿದ್ದೆ."

"ಅಜ್ಜಿಗೆ ಇದನ್ನು ಯಾರು ಹೇಳಿಕೊಟ್ಟದ್ದು?"

"ಅವಳ ಅಮ್ಮ ಇರಬೇಕು. ಯಾರಿಗೆ ಗೊತ್ತು?"

ನಾನು ಮನಸ್ಸಿನಲ್ಲೇ ತಲೆಮಾರುಗಳನ್ನು ಹಿಂದಕ್ಕೆ ಎಣಿಸಿದೆ. ಜೋಯಿಸರ ಮುನ್ನೂರು ವರ್ಷ ಅಷ್ಟೇನೂ ದೂರದಲ್ಲಿರಲಿಲ್ಲ. ಸೋಲೊಪ್ಪುವುದು ನನ್ನ ಜಾಯಮಾನವಲ್ಲ. "ಆದರೂ ಕಲ್ಲು ನಮ್ಮವರೇ ಇಟ್ಟದ್ದು ಅಲ್ವಾ?" ಎಂದೆ.

"ಕಲ್ಲು ನಮ್ಮವರು ಇಟ್ಟದ್ದು ಮಗಾ. ನೀರು ಯಾರು ಇಟ್ಟದ್ದು?"

ನನ್ನಲ್ಲಿ ಉತ್ತರವಿತ್ತು. ಮಳೆ, ಮುರಕಲ್ಲಿನ ತೂತುಗಳು, ಅಡಿಯ ಜೇಡಿಪದರ. ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡಮ್ಮ ತೆಂಗಿನ ಸಿಪ್ಪೆಯನ್ನು ನನ್ನ ಕೈಗೆ ಕೊಟ್ಟರು. ಈವರೆಗೆ ಯಾರಿಗೂ ಕೊಡದಿದ್ದ ಸಿಪ್ಪೆ.

"ನೀರನ್ನು ನೋಡಿಕೊ," ಎಂದರು.

ಆ ಮಾತನ್ನು ನಮ್ಮ ಮನೆಯಲ್ಲಿ ಯಾವಾಗ ಹೇಳುತ್ತಾರೆಂದು ನನಗೆ ಗೊತ್ತಿಲ್ಲವೇ? ಕಣ್ಣು ತುಂಬಿ ಬಂತು. "ಹಾಗೆಲ್ಲ ಎಂತಕ್ಕೆ ಮಾತಾಡುವುದು ದೊಡ್ಡಮ್ಮ, ನಿಮಗೆ ಎಂತ ಆಗಿದೆ ಈಗ?" ಎಂದು ಅವರ ಕೈ ಹಿಡಿದುಕೊಂಡೆ.

"ಸಾಯುವುದಿಲ್ಲ ಮಾರಾಯ್ತಿ, ಸೊಂಟನೋವು," ಎಂದು ಅವರು ಕೈ ಕೊಡವಿಕೊಂಡರು. "ಬಗ್ಗಲಿಕ್ಕಾಗುವುದಿಲ್ಲ. ಮೂಲೆ ಮೂಲೆ ತಿಕ್ಕು. ಇಲ್ಲೇ ಕೂತು ನೋಡ್ತೇನೆ."

ನಾನು ಮೂಗು ಒರೆಸಿಕೊಂಡು ಮೊಣಕಾಲೂರಿದೆ. ನೀರು ಕೈಗೆ ತಣ್ಣಗೆ ಕೊರೆಯಿತು, ಕಾಲಿಗೂ ಕೊರೆಯಿತು. ಚಪ್ಪಲಿಯನ್ನು ಹೊನ್ನೆಮರದ ಬಳಿಯೇ ಬಿಟ್ಟು ಬಂದಿದ್ದೇನೆಂದು ಆಗ ಗೊತ್ತಾಯಿತು. ಬಿಟ್ಟದ್ದು ಯಾವಾಗ ಎಂದು ನೆನಪಾಗಲಿಲ್ಲ. "ಆ ಬದಿ ಪಾಚಿ ಹಾಗೇ ಉಂಟು," ಎಂದರು ದೊಡ್ಡಮ್ಮ ಹಿಂದಿನಿಂದ, ನಾನು ಆ ಬದಿಗೆ ಸರಿದು ತಿಕ್ಕತೊಡಗಿದೆ.